ಮುಟ್ಟಿ ನೋಡ್ರಿ ಅಂದದ್ದೇ ತಪ್ಪಾತು

ಅಕ್ಕಲಕೋಟ ತಾಲೂಕಿನ ಒಂದು ಕನ್ನಡ ಸಾಲ್ಯಾಗ ನಾನು ಎರಡನೇ ಇಯತ್ತೆಗೆ ಕಲಿಸ್ತೀನಿ. 'ವಸ್ತುಗಳನ್ನ ಮುಟ್ಟಿ, ನೆನಸಿ, ಬಗ್ಗಿಸಿ ಕಲಿಸ್ರಿ' ಅಂತ ತರಬೇತಿಯೊಳಗ ಹೇಳಿಕೊಟ್ಟರು. ಮುಂದ ಏನಾಗ್ತದ ಅಂತ ಮಾತ್ರ ಯಾರೂ ಹೇಳಲಿಲ್ಲ. ಏನರೆ ಒಂದು ಆಗದ ವಾರನಽ ಇಲ್ಲ.

ಚೀಲದಾಗಿನ ವಸ್ತು

ಮನಿಯಿಂದ ಒಂದು ವಸ್ತು ಚೀಲದಾಗ ಮುಚ್ಚಿಟ್ಟು ತರಬೇಕು. ಅದರ ಗುಣ ಹೇಳಬೇಕು, ಉಳಿದವರು ಗುರುತಿಸಬೇಕು. ಒಬ್ಬ ಹುಡುಗ ಎದ್ದು ನಿಂತ.

"ಗಟ್ಟಿ ಅದ. ಬಗ್ಗಂಗಿಲ್ಲ. ಬಡದರ ಟಕ್ ಟಕ್ ಅಂತದ. ನೀರಾಗ ತೇಲ್ತದ."

"ಕಟಗಿ ಹಲಗಿ!" ಅಂತ ಎಲ್ಲಾರೂ ಒದರಿದರು.

ಅಂವ ಚೀಲದಾಗಿಂದ ತೆಗೆದದ್ದು ಅವರವ್ವ ಮಾಡಿದ ಕಡಕ್ ರೊಟ್ಟಿ.

ನಾ ನಗು ತಡಕೊಂಡು, "ತಿನ್ನೂ ವಸ್ತು ಅಂತ ಯಾಕ ಹೇಳಲಿಲ್ಲೋ?" ಅಂದೆ.

"ಅಪ್ಪ ಒಪ್ಪಂಗಿಲ್ರಿ."

ಹೀರೂ ಬಟ್ಟಿ

ಯಾವ ಬಟ್ಟಿ ನೀರು ಹೀರ್ತದ ಅಂತ ನೋಡೂ ದಿವಸ. ಟಾವೆಲ್, ರೇನಕೋಟಿನ ತುಂಡು, ವಾಟಗದಾಗ ನೀರು ಇಟ್ಟಿದ್ದೆ. ಅಷ್ಟರಾಗ ತಪಾಸಣಿಗೆ ಸೋಲಾಪುರದಿಂದ ಸಾಹೇಬರು ಬಂದು ಕುರ್ಚಿ ಮ್ಯಾಲ ಕುಂತರು.

"ಸಾಹೇಬ್ರ, ನಿಮ್ಮ ಪ್ಯಾಂಟು ಯಾವ ಬಟ್ಟೀದರಿ?" ಅಂತ ಮುಂದ ಕುಂತ ಹುಡುಗಿ ಕೇಳಿದಳು.

"ನೀನಽ ಹೇಳು ನೋಡೂಣು" ಅಂದರು ಅವರು, ಪ್ರೀತಿಲೆ.

ಆಕಿ ವಾಟಗ ಎತ್ತಿ ಸಾಹೇಬರ ತೊಡಿ ಮ್ಯಾಲ ಸುರುವಿದಳು. "ಹೀರ್ತು! ಕಾಟನ್!"

ಸಾಹೇಬರು ಎದ್ದು ಹೊರಗ ಹೋಗೂ ಹಂಗಿರಲಿಲ್ಲ. ಒಣಗೂತನಕ ಹಾಜರಿ ಪುಸ್ತಕ ತೊಡಿ ಮ್ಯಾಲ ಇಟಗೊಂಡು ಒಂದೊಂದಽ ಹಾಳಿ ತಿರುವಿದರು. ಏನೂ ಗೊತ್ತಿಲ್ಲದ ಹೆಡ್ ಮಾಸ್ತರು ಬಂದು ನನ್ನ ಕಿವ್ಯಾಗ ಅಂದರು: "ಇಷ್ಟು ಕಾಳಜಿಲೆ ತಪಾಸಣಿ ಮಾಡೂ ಸಾಹೇಬರನ್ನ ನಾ ನೋಡೇ ಇಲ್ಲ."

ಅಂಟತದೋ ಇಲ್ಲೋ

ಒಬ್ಬಾಕಿ ಹುಡುಗಿಗೆ ಅಯಸ್ಕಾಂತ ಕೊಟ್ಟು, "ಕಬ್ಬಿಣ ಅಂಟತದ, ಬಂಗಾರ ಅಂಟಂಗಿಲ್ಲ. ಮನ್ಯಾಗ ನೋಡಿಕೊಂಡು ಬಾ" ಅಂತ ಕಳಿಸಿದೆ. ಮುಂದಿನದು ಆಕಿ ಅವ್ವ ಬಂದು ಹೇಳಿದ್ದು.

ಅವತ್ತು ಸಂಜಿಕ ಆಕಿ ಸೋದರತ್ತಿನ್ನ ನೋಡಾಕ ಹೋಟಗಿಯಿಂದ ಗಂಡಿನ ಕಡಿಯವರು ಬಂದಿದ್ದರು. ವರನ ಕೊರಳಾಗ ದಪ್ಪನ್ನ ಬಂಗಾರದ ಸರ. ಎಲ್ಲಾರೂ ಚಹಾ ಕುಡಿಯೂವಾಗ ಹುಡುಗಿ ಮೆಲ್ಲಕ ಹೋಗಿ ಅಯಸ್ಕಾಂತ ಹಿಡಿದಳು. ಟಕ್!

"ಅಜ್ಜಾ, ಅಂಟತು! ಕಬ್ಬಿಣ!"

ವರನ ತಾಯಿ ಮಾರಿ ಕೆಂಪಾತು. ಅಜ್ಜ ಎದ್ದು ನಿಂತರು. ಇನ್ನ ಸಂಬಂಧ ಮುರೀತು ಅಂತ ಎಲ್ಲಾರೂ ಚಹಾದ ಕಪ್ಪು ಕೆಳಗಿಟ್ಟರು. ವರ ಮಾತ್ರ ತಲಿ ಕೆರಕೊಂಡು, "ಖರೇ ಅದರಿ. ಬ್ಯಾಡಂದೆ, ಅವ್ವ ಹಾಕಿಸಿದಳು" ಅಂದ. ಅಡಗಿ ಮನ್ಯಾಗ ಅತ್ತಿ ಕಿಸಕ್ಕನ ನಕ್ಕಳಂತ. ಅಜ್ಜ ಕೇಳಿದರ, "ಇಂವನಽ ಆಗಲಿ. ಸುಳ್ಳು ಹೇಳಾಕ ಬರಂಗಿಲ್ಲ" ಅಂದಳಂತ.

ಮದುವಿಗೆ ನನ್ನನ್ನೂ ಕರದರು. ಬಾಗಿಲದಾಗ ವರನ ತಾಯಿ ನಿಂತಿದ್ದರು. ಬೈತಾರೇನೋ ಅಂತ ಹೆದರಿದೆ. ಅವರು ನನ್ನ ಕೈ ಹಿಡಿದು ಬಾಜೂಕ ಕರಕೊಂಡು ಹೋಗಿ ಪಿಸುಗುಟ್ಟಿದರು:

"ಅಕ್ಕೋರ, ಆ ಹುಡುಗಿ ಎಲ್ಲದಾಳ್ರಿ? ಬೀಗರು ಹಾಕಿದ ಉಂಗುರ ಒಂದ್ ಸಲ ನೋಡಿಸಬೇಕಿತ್ತು."