ಬಕೆಟ್ ಮಾಮನವರ ವರ್ಗಾವಣೆ

ಸಾರ್ವಜನಿಕ ಮನರಂಜನಾ ಇಲಾಖೆಯ ಇತಿಹಾಸದಲ್ಲಿ ಅತಿ ಶೀಘ್ರವಾಗಿ ಬಡ್ತಿ ಪಡೆದ ನೌಕರರ ಎತ್ತರ ಹದಿನಾರು ಚುಕ್ಕೆ. ಅವರ ಪೂರ್ಣ ಹೆಸರು ದಾಖಲೆಯಲ್ಲಿಲ್ಲ. ಮೊದಲು ಎಲ್ಲರೂ ಬಕೆಟ್ ಮಾಮ ಎನ್ನುತ್ತಿದ್ದರು, ಬಡ್ತಿಯಾದ ಮೇಲೆ ಬಕೆಟ್ ಮಾಮನವರು ಎನ್ನುತ್ತಾರೆ.

ಅವರ ಮೂಲ ಸ್ಥಳ ಇಲಾಖೆಯ ನೆಲಮಾಳಿಗೆಯ ವಿರಾಮ ಕೊಠಡಿ. ಅಲ್ಲಿ ಒಂದು ದಪ್ಪ ಟೀವಿ, ಟೀವಿಗೆ ಸಿಕ್ಕಿಸಿದ ಹಳೆಯ ವಿಡಿಯೋ ಗೇಮ್ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಒಂದೇ ಒಂದು ಆಟ. ಸೋರುವ ಕೊಳವೆಗಳ ಕಾರ್ಖಾನೆಯಲ್ಲಿ ಟೋಪಿ ಹಾಕಿಕೊಂಡ ಪುಟ್ಟ ಮನುಷ್ಯ ಬಕೆಟ್ ಹಿಡಿದು ಓಡಬೇಕು, ಸೋರಿದ ನೀರನ್ನು ಹಿಡಿಯಬೇಕು, ಮಹಡಿಯಿಂದ ಮಹಡಿಗೆ ಜಿಗಿದು ಕೊನೆಯ ಮಹಡಿಯ ನೀಲಿ ಬಾಗಿಲನ್ನು ಮುಟ್ಟಬೇಕು. ಮುಟ್ಟಿದವರು ಯಾರೂ ಇರಲಿಲ್ಲ. ಬಾಗಿಲ ಹತ್ತಿರ ಬರುವಷ್ಟರಲ್ಲಿ ಪೆಟ್ಟಿಗೆ ಕಾದ ಹಂಚಾಗಿ, ಪರದೆ ನಿಂತಲ್ಲೇ ನಿಂತುಬಿಡುತ್ತಿತ್ತು. ಪೆಟ್ಟಿಗೆ ಮಾಡಿದ ಕಂಪನಿ ಬಾಗಿಲು ಹಾಕಿ ಯಾವ ಕಾಲವಾಯಿತೋ.

ಫ್ಯಾನಿನಿಂದ ಹಿಡಿದು ಕಂಪ್ಯೂಟರಿನವರೆಗೆ ಏನು ಕೆಟ್ಟರೂ ಇಲಾಖೆಯಲ್ಲಿ ಕೂಗುತ್ತಿದ್ದುದು ಒಬ್ಬನನ್ನೇ. ಕಾಗದದ ಮೇಲೆ ಅವನು ತಾಂತ್ರಿಕ ಸಹಾಯಕ, ಎಲ್ಲರ ಬಾಯಲ್ಲಿ ರಿಪೇರಿ. ಅವನ ಅಮ್ಮ ಇದೇ ಇಲಾಖೆಯ ಸಿಬ್ಬಂದಿ ಶಾಖೆಯಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ನಿವೃತ್ತಿಯ ಮರುದಿನದಿಂದಲೇ ಸಾರ್ವಜನಿಕರಲ್ಲೊಬ್ಬರಾಗಿ ದಿನಾ ಮಧ್ಯಾಹ್ನ ವಿರಾಮ ಕೊಠಡಿಗೆ ಬಂದು ಬಕೆಟ್ ಮಾಮನನ್ನು ಓಡಿಸುತ್ತಿದ್ದರು. ಸೇವೆಯಲ್ಲಿದ್ದಾಗ ಊಟದ ಬಿಡುವಿನಲ್ಲಿ ಮಾತ್ರ ಆಡಿದ್ದರಂತೆ. ಊಟದ ಬಿಡುವು ಎಷ್ಟು ಹೊತ್ತು ಎಂದು ಆಗ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

"ಆ ಬಾಗಿಲ ಹಿಂದೆ ಏನಿದೆ ಅಂತ ನೋಡೋವರೆಗೂ ನಾನು ಕಣ್ಣು ಮುಚ್ಚೋಳಲ್ಲ" ಎನ್ನುತ್ತಿದ್ದರು ಅಮ್ಮ. ಕಣ್ಣಿನ ಪೊರೆ ಬೇರೆ ಬಲಿಯುತ್ತಿತ್ತು. ಪೆಟ್ಟಿಗೆಯಿಂದಲೂ ಸುಟ್ಟ ವಾಸನೆ ಬರಲು ಶುರುವಾಗಿತ್ತು. ಅಮ್ಮನ ಕಣ್ಣು ಮೊದಲೋ ಪೆಟ್ಟಿಗೆ ಮೊದಲೋ ಎಂದು ರಿಪೇರಿಯ ಜೀವ ಹೊಯ್ದಾಡುತ್ತಿತ್ತು.

ಉಪಾಯವೇನೋ ಅವನಿಗೆ ಗೊತ್ತಿತ್ತು. ಪೆಟ್ಟಿಗೆಯ ಚಿಪ್‌ನಲ್ಲಿರುವ ಆಟವನ್ನು ಓದಿ ಹೊರತೆಗೆಯಬೇಕು, ಆಮೇಲೆ ಕಂಪ್ಯೂಟರಿಗೆ 'ನೀನು ಕಂಪ್ಯೂಟರ್ ಅಲ್ಲ, ಹಳೇ ಪೆಟ್ಟಿಗೆ' ಎಂದು ನಂಬಿಸುವ ಪ್ರೋಗ್ರಾಂ ಬರೆಯಬೇಕು. ಬರೆದ. ಇಲಾಖೆಯ ಕಂಪ್ಯೂಟರುಗಳಿಗೆ ಇದನ್ನು ನಂಬಿಸುವುದು ಕಷ್ಟವಾಗಲಿಲ್ಲ, ಅವು ಮೊದಲಿನಿಂದಲೂ ಹಾಗೆಯೇ ನಡೆದುಕೊಳ್ಳುತ್ತಿದ್ದವು. ಆದರೆ ಆಟವನ್ನು ಓದುವಾಗ ರಿಪೇರಿಗೆ ಬೇಡದ ಸಂಗತಿಯೊಂದು ತಿಳಿದುಬಿಟ್ಟಿತು. ನೀಲಿ ಬಾಗಿಲ ಹಿಂದೆ ಏನೂ ಇರಲಿಲ್ಲ. ಬಾಗಿಲು ಮುಟ್ಟಿದವನನ್ನು ಮತ್ತೆ ಮೊದಲ ಮಹಡಿಗೆ ಕಳಿಸಿ, ನೀರು ಇನ್ನಷ್ಟು ಜೋರಾಗಿ ಸೋರಿಸು ಎಂದಷ್ಟೇ ಅಲ್ಲಿ ಬರೆದಿತ್ತು. ಅಮ್ಮನಿಗೆ ಹೇಳಲು ಅವನಿಗೆ ಬಾಯಿ ಬರಲಿಲ್ಲ.

ಮೊದಲು ಆಡಲಾದರೂ ಆಡಲಿ ಎಂದು ಮನೆಯ ಕಂಪ್ಯೂಟರಿಗೆ ಹಾಕಿ ತೋರಿಸಿದ.

"ಆರ್ಡರ್ ಆಗಿದ್ಯಾ?" ಎಂದರು ಅಮ್ಮ.

"ಮನೇಲಿ ಆಡೋಕೆ ಎಂಥ ಆರ್ಡರಮ್ಮಾ?"

"ಆರ್ಡರ್ ಆಗಿಲ್ಲ ಅಂದ್ರೆ ಅವನು ಇನ್ನೂ ಅಲ್ಲಿ ಡ್ಯೂಟಿ ಮೇಲಿದಾನೆ. ಹಾಗಾದ್ರೆ ಇಲ್ಲಿ ಟೋಪಿ ಹಾಕ್ಕೊಂಡು ನಿಂತಿರೋನು ಯಾರು? ನನ್ನ ಮಗನಾಗಿ ಇಂಥ ಕೆಲಸ ಮಾಡ್ತೀಯಲ್ಲೋ. ಆರಿಸು ಅದನ್ನ."

ಹೀಗಾಗಿ ಅರ್ಜಿ ಹಾಕಲೇಬೇಕಾಯಿತು. ಕಡತದಲ್ಲಿ ಪರಭಾಷೆಯ ಪದ ಬಳಸಕೂಡದೆಂಬ ಸುತ್ತೋಲೆ ಇದ್ದುದರಿಂದ ರಿಪೇರಿ ಕಂಪ್ಯೂಟರಿನವರ ಮಾತಿನಲ್ಲಿ 'ಪೋರ್ಟ್ ಮಾಡುವುದು' ಎಂದು ಬರೆಯುವಂತಿರಲಿಲ್ಲ. ತುಂಬ ಯೋಚಿಸಿ, 'ಬಕೆಟ್ ಮಾಮನನ್ನು ಹಳೆಯ ಪೆಟ್ಟಿಗೆಯಿಂದ ಹೊಸ ಗಣಕಯಂತ್ರಕ್ಕೆ ವರ್ಗಾವಣೆ ಮಾಡುವ ಬಗ್ಗೆ' ಎಂದು ಅಚ್ಚ ಭಾಷೆಯಲ್ಲಿ ಬರೆದ. ವರ್ಗಾವಣೆಯ ಕಡತಗಳು ಹೋಗಬೇಕಾದ ಕಡೆಗೇ, ಅಂದರೆ ಸಿಬ್ಬಂದಿ ಶಾಖೆಗೆ, ಅದು ಹೋಯಿತು. ಇದರಲ್ಲಿ ಯಾರ ತಪ್ಪೂ ಇಲ್ಲ.

ಸಿಬ್ಬಂದಿ ಅಧಿಕಾರಿ ಅವನನ್ನು ಕರೆಸಿದರು. "ಇವರು ಸೇವೆಗೆ ಸೇರಿ ಎಷ್ಟು ವರ್ಷ ಆಯ್ತು?"

"ಸರ್, ಅದು ಆಟದಲ್ಲಿ ಬರೋ ಬೊಂಬೆ."

"ನಾನು ಕೇಳಿದ್ದು ವರ್ಷ."

"ನಾನು ಶಾಲೇಲಿದ್ದಾಗಿಂದ ಇದೆ ಸರ್."

"ರಜೆ ಎಷ್ಟು ತಗೊಂಡಿದಾರೆ?"

"ಒಂದು ದಿನವೂ ಇಲ್ಲ."

ಅಧಿಕಾರಿ ಕನ್ನಡಕ ತೆಗೆದು ಇಟ್ಟರು. "ಇಂಥವರನ್ನ ಇಷ್ಟು ವರ್ಷ ಸೋರೋ ಕೊಳವೆ ಕೆಳಗೆ ಇಟ್ಟಿದೀರಲ್ರೀ, ನಿಮಗೆ ಮನಸ್ಸಾದರೂ ಹೇಗೆ ಬಂತು? ಇರಲಿ. ಇಲ್ಲಿ ಮೂರು ಜೀವ ಅಂತ ಬರೆದಿದೀರಿ."

"ಹೌದು ಸರ್. ಒಂದು ಹೋದ್ರೆ ಇನ್ನೊಂದು ಬರುತ್ತೆ."

"ಅದೇ ಜಾಗಕ್ಕೆ?"

"ಅದೇ ಜಾಗಕ್ಕೆ."

"ಪರೀಕ್ಷೆ ಇಲ್ಲ, ಸಂದರ್ಶನ ಇಲ್ಲ?"

"ಇಲ್ಲ ಸರ್, ತಾನಾಗೇ ಬರುತ್ತೆ."

"ಹಾಗಾದ್ರೆ ಅದು ಅನುಕಂಪದ ಆಧಾರದ ನೇಮಕಾತಿ" ಎಂದು ಅಧಿಕಾರಿ ನಿಟ್ಟುಸಿರು ಬಿಟ್ಟರು. "ಮರಣ ಪ್ರಮಾಣಪತ್ರ ಇಲ್ಲದೆ ಹೇಗ್ರೀ ಬರ್ತಾರೆ?"

ಮರುದಿನವೇ ವಿರಾಮ ಕೊಠಡಿಯ ಗೋಡೆಗೆ ಪ್ರಕಟಣೆ ಬಿತ್ತು: 'ಆಟವಾಡುವ ಸಾರ್ವಜನಿಕರು, ಒಂದು ಜೀವ ಕಳೆದ ಕೂಡಲೇ ಆತುರಪಟ್ಟು ಮುಂದಿನ ಜೀವವನ್ನು ಬಳಸಕೂಡದು. ಎದ್ದು ನಿಂತು ಮೌನ ಆಚರಿಸತಕ್ಕದ್ದು. ಮೃತರ ಬಕೆಟ್ ಖಾಲಿ ಇದೆಯೆಂದು ಖಚಿತಪಡಿಸಿಕೊಂಡ ನಂತರವೇ ಉತ್ತರಾಧಿಕಾರಿಗೆ ಗುಂಡಿ ಒತ್ತತಕ್ಕದ್ದು.' ಅಮ್ಮ ಇದನ್ನು ಎರಡೆರಡು ಸಲ ಓದಿ, ಕರಡು ಬರೆದವರಿಗೆ ಭಾಷೆ ಗೊತ್ತಿದೆ ಎಂದು ಮೆಚ್ಚಿಕೊಂಡರು. ಮೊಣಕಾಲು ನೋವಿದ್ದರೂ ಪ್ರತಿ ಸಾವಿಗೂ ಎದ್ದು ನಿಂತರು.

ವೈದ್ಯಕೀಯ ತಪಾಸಣೆಯೂ ಆಯಿತು. ಇಲಾಖೆಯ ಡಾಕ್ಟರು ಟೀವಿಯ ಮುಂದೆ ಕುಳಿತು, ಅಭ್ಯರ್ಥಿ ಮೂರನೆಯ ಮಹಡಿಯಿಂದ ಬಿದ್ದು ಸತ್ತು, ಮಿಣುಕಿ, ಮತ್ತೆ ಓಡಿದ್ದನ್ನು ನೋಡಿದರು. "ಬಿದ್ದಿದ್ದನ್ನ ಮನಸ್ಸಿಗೆ ಹಚ್ಕೊಂಡಿಲ್ಲ, ಒಳ್ಳೇದು. ಉಪ್ಪು ಕಮ್ಮಿ ಮಾಡಲಿ" ಎಂದು ಸಹಿ ಹಾಕಿದರು.

ಇಷ್ಟರಲ್ಲಿ ಪೆಟ್ಟಿಗೆಗೆ ಇಂದೋ ನಾಳೆಯೋ ಎಂಬಂತಾಗಿತ್ತು. ಪರದೆಯ ಬಣ್ಣಗಳು ಕಲಸಿಹೋಗಿ ಮಾಮನ ಮುಖ ಹಸಿರಾಗಿತ್ತು. ರಿಪೇರಿಗೆ ಇನ್ನೊಂದು ಚಿಂತೆ. ಇಷ್ಟೆಲ್ಲ ಪಾಡುಪಟ್ಟು ಅಮ್ಮ ಬಾಗಿಲು ಮುಟ್ಟಿ, ಏನೂ ಇಲ್ಲದ್ದನ್ನು ನೋಡಿ ಮುಖ ಸಣ್ಣ ಮಾಡಿಕೊಂಡರೆ? ಬಾಗಿಲ ಹಿಂದೆ ಒಂದು ಹೂದೋಟ, ಒಂದು ಬೆಂಚು, ಬೆಂಚಿನ ಮೇಲೆ ಮಾಮ ಬಕೆಟ್ ಕೆಳಗಿಟ್ಟು ಕೂತಿರುವ ಚಿತ್ರ ಸೇರಿಸಿಬಿಡೋಣ ಎನಿಸಿತು. ಅಮ್ಮನ ಮಗನಾದ್ದರಿಂದ ಅದಕ್ಕೂ ಅನುಮತಿ ಕೇಳಿದ. ಉತ್ತರ ಬಂತು: 'ಹೂದೋಟ ತೋಟಗಾರಿಕೆಯವರ ವ್ಯಾಪ್ತಿ. ಬೆಂಚಿಗೆ ಅವಕಾಶವಿಲ್ಲ. ಕರ್ತವ್ಯದ ಅವಧಿಯಲ್ಲಿ ನೌಕರರು ಬಕೆಟ್ ಕೆಳಗಿಡುವಂತಿಲ್ಲ.'

ಕೊನೆಗೂ ವರ್ಗಾವಣೆ ಆದೇಶವಾಯಿತು. ಹಾಜರಾಗುವ ದಿನ ಹೊಸ ಕಂಪ್ಯೂಟರಿನ ಮುಂದೆ ನಿರ್ದೇಶಕರೇ ಬಂದು ಕುಳಿತರು, ಪಕ್ಕದಲ್ಲಿ ಅಮ್ಮ. ಹಿಂದೆ ಎಲ್ಲ ಶಾಖೆಯವರೂ ಕೈಕಟ್ಟಿ ನಿಂತರು. ರಿಪೇರಿ ಗುಂಡಿ ಒತ್ತಿದ. ಮಾಮ ಬಂದರು, ಮುಖ ಮತ್ತೆ ಮೊದಲಿನ ಬಣ್ಣಕ್ಕೆ ತಿರುಗಿತ್ತು.

ನಿರ್ದೇಶಕರು ಕಣ್ಣು ಮಿಟುಕಿಸದೆ ನೋಡಿದರು. "ಇವರು ಬಕೆಟ್ ಹಿಡಿದು ಎಷ್ಟು ವರ್ಷ ಆಯ್ತು ಅಂದ್ರಿ?"

"ಸೇವೆ ಪೂರ್ತಿ ಸರ್" ಎಂದರು ಸಿಬ್ಬಂದಿ ಅಧಿಕಾರಿ.

"ಒಮ್ಮೆಯೂ ಕೆಳಗಿಟ್ಟಿಲ್ಲ?"

"ಸತ್ತಾಗಲೂ ಇಟ್ಟಿಲ್ಲ ಸರ್."

ನಿರ್ದೇಶಕರು ಹಿಂದೆ ತಿರುಗಿ ಶಾಖಾಧಿಕಾರಿಗಳನ್ನು ಒಬ್ಬೊಬ್ಬರಾಗಿ ನೋಡಿದರು. ಬಕೆಟ್ ಹಿಡಿದೇ ಮೇಲೆ ಬಂದ ಅವರಲ್ಲಿ ಯಾರೂ ಇಂಥ ಸಾಧನೆ ಮಾಡಿರಲಿಲ್ಲ. ಅವರಿಗೇ ನಾಚಿಕೆಯಾಗಿ ತಲೆ ತಗ್ಗಿಸಿದರು. ಬಕೆಟ್ ಮಾಮನವರಿಗೆ ಅಲ್ಲೇ, ನಿಂತ ನಿಲುವಿನಲ್ಲೇ, ಸಹಾಯಕ ನಿರ್ದೇಶಕರ ಹುದ್ದೆಗೆ ಬಡ್ತಿ ಸಿಕ್ಕಿತು. ರಿಪೇರಿ ಅವರ ಕೊರಳಿಗೆ ಎರಡು ಕೆಂಪು ಚುಕ್ಕೆ ಸೇರಿಸಿ ಟೈ ಕಟ್ಟಿದ.

ಆಗ ಎದ್ದಿತು ನಿಜವಾದ ತೊಡಕು. ಸಹಾಯಕ ನಿರ್ದೇಶಕರ ದರ್ಜೆಯವರು ಓಡುವಂತಿಲ್ಲ, ಜಿಗಿಯುವಂತಿಲ್ಲ, ನೀರು ಮುಟ್ಟುವಂತಿಲ್ಲ. "ಕುರ್ಚಿ ಹಾಕಿ, ಕೂತಿರಲಿ" ಎಂದರು ಸಿಬ್ಬಂದಿ ಅಧಿಕಾರಿ.

"ಕೂತ್ರೆ ಆಟ ಹೇಗೆ ಸರ್ ನಡೆಯುತ್ತೆ?" ರಿಪೇರಿಗೆ ಅಳು ಬರುವುದೊಂದು ಬಾಕಿ. "ನಮ್ಮಮ್ಮ ಬಾಗಿಲು ನೋಡಬೇಕು ಸರ್. ಅವರ ಕಣ್ಣು..."

"ನಿಯಮ ನಾನು ಮಾಡಿದ್ದಾ?"

ಅಮ್ಮ ಸಿಬ್ಬಂದಿ ಅಧಿಕಾರಿಯ ಕಡೆ ತಿರುಗಿದರು. "ಮಾಮನವರು ಮೇಲೆ ಹೋದ್ರು. ಅವರ ಹಳೇ ಹುದ್ದೆಗೆ ಯಾರು ಬಂದ್ರು?"

"ಯಾರೂ ಇಲ್ಲ ಮೇಡಂ, ಖಾಲಿ ಇದೆ."

"ಖಾಲಿ ಹುದ್ದೆಯ ಪ್ರಭಾರ ಯಾರಿಗೆ?"

ಸಿಬ್ಬಂದಿ ಅಧಿಕಾರಿ ಒಂದು ಕಾಲದಲ್ಲಿ ಅಮ್ಮನ ಕೈಕೆಳಗೆ ಪಳಗಿದವರು. ಅವರ ಮುಖ ಅರಳಿತು. "ಹುದ್ದೆ ಭರ್ತಿ ಆಗೋವರೆಗೆ ಹಿಂದೆ ಇದ್ದವರಿಗೇ ಪ್ರಭಾರ!"

"ಮತ್ತೆ? ಅಧಿಕಾರಿಯಾಗಿ ಕೂತ್ಕೊಳ್ಳಲಿ, ಪ್ರಭಾರಿಯಾಗಿ ಓಡಲಿ. ಎರಡೂ ಒಟ್ಟಿಗೆ ಬಂದಾಗ ಓಡಲಿ. ನಾನೂ ಹಾಗೇ ಮಾಡಿದ್ದು."

ಹೀಗೆ ಬಕೆಟ್ ಮಾಮನವರು ಟೈ ಕಟ್ಟಿಕೊಂಡೇ ಓಡಿದರು. ಅಮ್ಮ ಪರದೆಗೆ ಮೂಗು ತಾಗುವಷ್ಟು ಬಗ್ಗಿ ಗುಂಡಿ ಒತ್ತಿದರು. ಎರಡು ಜೀವ ಹೋದವು. ಎರಡು ಸಲವೂ ನಿರ್ದೇಶಕರಾದಿಯಾಗಿ ಎಲ್ಲರೂ ಮೌನ ಆಚರಿಸಿದರು. ಮೂರನೆಯವರು ಕೊನೆಯ ಮಹಡಿ ಹತ್ತಿದರು. ಪರದೆ ನಿಲ್ಲಲಿಲ್ಲ. ನೀಲಿ ಬಾಗಿಲು ತೆರೆಯಿತು.

ರಿಪೇರಿ ಕಣ್ಣು ಮುಚ್ಚಿಕೊಂಡ.

ತೆರೆದಾಗ ಮಾಮನವರು ಮೊದಲ ಮಹಡಿಯಲ್ಲಿ ನಿಂತಿದ್ದರು. ಅದೇ ಕೊಳವೆ, ಅದೇ ಬಕೆಟ್. ನೀರು ಮಾತ್ರ ಮೊದಲಿಗಿಂತ ಜೋರಾಗಿ ಸುರಿಯುತ್ತಿತ್ತು.

"ಕ್ಷಮಿಸಮ್ಮ" ಎಂದ ರಿಪೇರಿ. "ನಂಗೆ ಗೊತ್ತಿತ್ತು. ಹೇಳೋಕೆ ಆಗ್ಲಿಲ್ಲ."

ಅಮ್ಮ ತಿರುಗಿ ನೋಡಲಿಲ್ಲ. ಅವರ ಮುಖದಲ್ಲಿ ಎಷ್ಟೋ ವರ್ಷದ ಗಂಟೊಂದು ಬಿಚ್ಚಿಹೋದ ನಿರಾಳವಿತ್ತು.

"ಇದೇನಾ?" ಎಂದರು. "ನಾನೆಲ್ಲೋ ಬಾಗಿಲ ಹಿಂದೆ ನಮಗೆ ಗೊತ್ತಿಲ್ಲದ್ದು ಏನೋ ಇದೆ, ನಾನೊಬ್ಬಳೇ ನೋಡದೆ ರಿಟೈರ್ ಆಗಿಬಿಟ್ಟೆ ಅಂತ ಕೊರಗ್ತಾ ಇದ್ದೆ ಕಣೋ. ನಾನು ಇದನ್ನ ನೋಡಿದೀನಿ. ಪ್ರತಿ ಬಡ್ತಿಗೂ ನೋಡಿದೀನಿ."

ಶಾಖಾಧಿಕಾರಿಗಳೆಲ್ಲ ಹೌದೆಂದು ತಲೆಯಾಡಿಸಿದರು. ಒಬ್ಬಿಬ್ಬರು ಕಣ್ಣು ಒರೆಸಿಕೊಂಡರು. ಆಟವನ್ನು ಯಾರು ಮಾಡಿದರೋ, ಅವರು ಈ ಇಲಾಖೆಯಲ್ಲೇ ಸೇವೆ ಸಲ್ಲಿಸಿರಬೇಕೆಂದು ನಿರ್ದೇಶಕರು ಅಭಿಪ್ರಾಯಪಟ್ಟರು. ಬಕೆಟ್ ಮಾಮನವರ ಮುಂದಿನ ಬಡ್ತಿ ಯಾವಾಗ ಎಂದು ವಿಚಾರಿಸಿದರು.

"ಮತ್ತೆ ಮೇಲೆ ಹತ್ತಿದ ಮೇಲೆ ಸರ್" ಎಂದರು ಸಿಬ್ಬಂದಿ ಅಧಿಕಾರಿ.

"ಸರಿಯಾಗಿದೆ" ಎಂದು ನಿರ್ದೇಶಕರು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು. "ಮೇಡಂ, ಎಡಗಡೆ ಕೊಳವೆ ಸೋರ್ತಾ ಇದೆ ನೋಡಿ."