ಭಾವನ ಬಾಡಿಗೆ ಮಂಚ

ನಮ್ಮ ಭಾವನ ಎದುರು ಕೂತು ಕಾಫಿ ಕುಡಿಯುವುದಕ್ಕೆ ಗುಂಡಿಗೆ ಬೇಕು! ಮಾತಿನ ಭರದಲ್ಲಿ ಲೋಟ ಕೆಳಗಿಟ್ಟಿರೋ, ಮುಗಿಯಿತು. ಉಳಿದ ಕಾಫಿ ಚೆಲ್ಲಿ, ಲೋಟ ತೊಳೆದು, ಕವುಚಿ ಹಾಕಿ ಬಂದಿರುತ್ತಾರೆ. ‘ಅಯ್ಯೋ, ಕುಡೀತಿದ್ದೆ ಭಾವ!’ ಎಂದರೆ, ‘ಕೈ ಬಿಟ್ಟಿದ್ದೆಯಲ್ಲಮ್ಮ’ ಎನ್ನುತ್ತಾರೆ.

ಇದು ಕಸುಬಿನಿಂದ ಅಂಟಿದ ರೋಗ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರೋಗ್ರಾಮಿಂಗ್ ಪಾಠ ಮಾಡುತ್ತಾರೆ. ಪ್ರೋಗ್ರಾಂ ಕಂಪ್ಯೂಟರಿನ ಮೆಮೊರಿಯಲ್ಲಿ ಒಂದಿಷ್ಟು ಜಾಗ ಕೇಳಿ ಪಡೆಯುತ್ತದಂತೆ. ಕೆಲಸ ಮುಗಿದ ಮೇಲೆ ಹಿಂದಿರುಗಿಸಬೇಕು. ಹಿಂದಿರುಗಿಸಲು ಮರೆತರೆ ಅದು ಮೆಮೊರಿ ಲೀಕ್. ಹೀಗೇ ಮರೆಯುತ್ತಾ ಹೋದರೆ ಕಂಪ್ಯೂಟರ್ ಜಾಗ ಸಾಲದೆ ಏದುಸಿರು ಬಿಡುತ್ತದೆ. ಇಂಥ ಲೀಕ್ ಹಿಡಿಯುವುದರಲ್ಲಿ ಭಾವ ನಿಸ್ಸೀಮರು. ಹಿಡಿಯಲಿ, ಬೇಡ ಅಂದವರು ಯಾರು? ಆದರೆ ಲಕ್ಷ್ಮೀಪುರಂನ ಸಂಸಾರಕ್ಕೂ ಅದೇ ನಿಯಮವೇ?

ಪಕ್ಕದ ಮನೆಯಾಕೆ ಡಬ್ಬಿಯಲ್ಲಿ ಹುಳಿ ತಂದರೆ, ಭಾವ ಆಕೆಯನ್ನು ಬಾಗಿಲಲ್ಲೇ ನಿಲ್ಲಿಸಿ, ಹುಳಿ ಬಗ್ಗಿಸಿಕೊಂಡು, ಡಬ್ಬಿ ಕೊಟ್ಟೇಬಿಟ್ಟರು. ‘ಬರೀ ಡಬ್ಬಿ ಕೊಡ್ತಾರೇನ್ರೀ ಯಾರಾದ್ರೂ? ಮಾನ ಕಳೆದ್ಬುಟ್ರಿ!’ ಅಕ್ಕ ಹಣೆ ಚಚ್ಚಿಕೊಂಡಳು. ಮುಂದಿನ ಸಲ ಭಾವ ಬರೀ ಡಬ್ಬಿ ಕೊಡಲಿಲ್ಲ. ಆಕೆಯದೇ ಹುಳಿಯನ್ನು ಅರ್ಧ ಉಳಿಸಿ ಕೊಟ್ಟರು!

‘ನನ್ನೂ ಒಂದಿನ ತವರಿಗೆ ವಾಪಸ್ ಕೊಟ್ಬುಡ್ತೀರ ಬುಡಿ’ ಎಂದು ಅಕ್ಕ ಸಿಡುಕಿದರೆ, ‘ನಿನ್ನತ್ರ ಕೆಲಸ ಇನ್ನೂ ಮುಗಿದಿಲ್ವಲ್ಲೇ’ ಎನ್ನುತ್ತಿದ್ದರು. ನಾವೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದೆವು.

ಆ ಅಕ್ಕ ಹಾಸಿಗೆ ಹಿಡಿದಳು. ಲಷ್ಕರ್ ಮೊಹಲ್ಲಾದ ಅಂಗಡಿಯಿಂದ ಆಸ್ಪತ್ರೆ ಮಂಚ ಬಾಡಿಗೆಗೆ ಬಂತು. ಭಾವ ಕಾಲೇಜಿಗೆ ರಜೆ ಹಾಕಿ ಅದರ ಪಕ್ಕದಲ್ಲೇ ಚಾಪೆ ಹಾಸಿಕೊಂಡರು. ಆಷಾಢ ಕಳೆಯುವಷ್ಟರಲ್ಲಿ ಅಕ್ಕ ಹೋಗಿಬಿಟ್ಟಳು. ತಿಥಿ ಮುಗಿಯಿತು, ನೆಂಟರು ಹೊರಟರು. ಮಂಚ ಮಾತ್ರ ನಡುಮನೆಯಲ್ಲೇ ಉಳಿಯಿತು.

ಅಂಗಡಿಯವರು ಫೋನ್ ಮಾಡಿದರು. ‘ಸಾರ್, ಇಲವಾಲದಲ್ಲಿ ಒಬ್ರು ಅಮ್ಮ ಸೊಂಟ ಮುರ್ಕೊಂಡು ಮಲಗವ್ರೆ. ನಮ್ಮತ್ರ ಬೇರೆ ಮಂಚ ಇಲ್ಲ.’ ಕುಡಿಯುತ್ತಿರುವವರ ಲೋಟ ಕಿತ್ತುಕೊಳ್ಳುವ ಮನುಷ್ಯ, ‘ನಾಳೆ ನೋಡೋಣ’ ಎಂದರು! ಮರುದಿನವೂ ಅದೇ ಮಾತು. ‘ಕೊಟ್ಬುಡಿ ಭಾವ, ಪಾಪ ಆ ಯಮ್ಮ ಕಾಯ್ತಿದಾರೆ’ ಎಂದು ಗೋಗರೆದೆ. ಕೇಳಿಸಲಿಲ್ಲವೆಂಬಂತೆ ಖಾಲಿ ಮಂಚದ ಹೊದಿಕೆ ಕೊಡವಿ ಮತ್ತೆ ಹಾಸಿದರು. ನನಗೆ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚು ಅಳು ಬಂತು.

ಅಷ್ಟರಲ್ಲಿ ಅವರ ವಿದ್ಯಾರ್ಥಿನಿಯೊಬ್ಬಳು ಲ್ಯಾಪ್‌ಟಾಪ್ ಹಿಡಿದು ಬಂದಳು. ‘ಸಾರ್, ಲೀಕ್ ನನ್ನ ಕೋಡಲ್ಲಿಲ್ಲ, ಸ್ಟ್ಯಾಂಡರ್ಡ್ ಲೈಬ್ರರಿಯಲ್ಲೇ ಇದೆ!’ ಜಗತ್ತೆಲ್ಲ ಬಳಸುವ ಸಿದ್ಧ ಕೋಡಿನಲ್ಲೇ ತಪ್ಪು ಹಿಡಿದೆನೆಂಬ ಹೆಮ್ಮೆ ಅವಳಿಗೆ. ಭಾವ ಕನ್ನಡಕ ಏರಿಸಿ ನೋಡಿದರು.

‘ಇದು ಲೀಕ್ ಅಲ್ಲಮ್ಮ. ವಾಪಸ್ ಕೊಟ್ಟು ಪುನಃ ಕೇಳೋದ್ಯಾಕೆ ಅಂತ ಲೈಬ್ರರಿ ಆ ಜಾಗಾನ ತನ್ನತ್ರಾನೇ ಇಟ್ಕೊಂಡಿದೆ. ಎಲ್ಲಿದೆ ಅಂತ ಅದಕ್ಕೆ ಗೊತ್ತು. ಮತ್ತೆ ಬೇಕಾಗುತ್ತೆ ಅಂತ...’

ಅವರ ಕಣ್ಣು ಮಂಚದ ಮೇಲಿತ್ತು. ಹುಡುಗಿ ಹೋದ ಮೇಲೆ ತಾವೇ ಅಂಗಡಿಗೆ ಫೋನ್ ಮಾಡಿ, ‘ಬಂದು ತಗೊಂಡ್ಹೋಗಿ’ ಎಂದರು.

ಸಂಜೆ ಅಂಗಡಿಯವರು ಬಂದು ಮಂಚವನ್ನು ಲಗೇಜ್ ಆಟೋಗೆ ಏರಿಸಿದರು. ಗಾಡಿ ಹೊರಡಬೇಕು, ಭಾವ ಬರಿಗಾಲಲ್ಲೇ ಬೀದಿಗೆ ಓಡಿದರು.

‘ತಡೀರಿ, ತಡೀರಿ! ತಲೆ ಕಡೆ ಮೇಲೆತ್ತೋಕೆ ಈ ಹ್ಯಾಂಡಲ್ ಇದೆಯಲ್ಲ, ಇದನ್ನ ನಿಧಾನಕ್ಕೆ ತಿರುಗಿಸ್ಬೇಕು. ಇಲವಾಲದವರಿಗೆ ಮರೀದೆ ಹೇಳಿ. ಜೋರಾಗಿ ತಿರುಗಿಸಿದ್ರೆ ಅವಳಿಗೆ ನೋವಾಗುತ್ತೆ.’

ಅಂಗಡಿಯವರು ಭಾವನ ಮುಖವನ್ನೇ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು: ‘ಆಗ್ಲಿ ಸಾರ್. ಅಮ್ಮಂಗೆ ನೋವಾಗ್ದಂಗೆ ನೋಡ್ಕೋತೀವಿ.’