ಎದೆಯ ಸುದ್ದಿ ಹೇಳದ ಸಕ್ಕರೆ ಮಿಷನ್ನಿಗೆ

ಮಾನ್ಯ ಸಕ್ಕರೆ ಅಳೆಯುವ ಮಿಷನ್ನಿನವರೇ,

ಅಜ್ಜಂಪುರದ ಅಡುಗೆ ಕಂಟ್ರಾಕ್ಟರ್ ಬೆನಕಪ್ಪನು ಹತ್ತೂ ಬೆರಳು ಜೋಡಿಸಿ ಮಾಡುವ ನಮಸ್ಕಾರಗಳು. ಆ ಹತ್ತರಲ್ಲಿ ತಾವು ಚುಚ್ಚದೆ ಬಿಟ್ಟದ್ದು ಒಂದೂ ಇಲ್ಲವಾದ್ದರಿಂದ ನನ್ನ ಪರಿಚಯವನ್ನು ಬೆಳೆಸುವುದಿಲ್ಲ.

ನಾಲ್ಕು ವರ್ಷದ ಹಿಂದೆ ನನಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ವಾರವೇ ನನ್ನ ಧರ್ಮಪತ್ನಿ ಜಯಲಕ್ಷ್ಮಮ್ಮ ತಮ್ಮನ್ನು ಕಡೂರಿನ ಮೆಡಿಕಲ್ ಶಾಪಿನಿಂದ ಕರೆತಂದು ಮನೆ ತುಂಬಿಸಿಕೊಂಡಳು. ಅಂದಿನಿಂದ ನಾನು ಮದುವೆ ಮನೆಗಳಲ್ಲಿ ಲಾಡುವಿನ ರುಚಿಯನ್ನು ಮೂಗಿನಿಂದಲೇ ತೀರ್ಮಾನಿಸುತ್ತಾ ತಮ್ಮ ಕೃಪೆಗಾಗಿ ಕಾದೆ. ತಾವು ಪ್ರಸನ್ನರಾಗಿ ನೂರಾ ಹದಿನೆಂಟು ತೋರಿಸಿದ ಬೆಳಿಗ್ಗೆಗಳಲ್ಲಿ ನನ್ನಂಥ ಗಟ್ಟಿಗ ತಾಲ್ಲೂಕಿನಲ್ಲೇ ಇಲ್ಲವೆಂದು ಬೀಗಿ, ಬಿ.ಪಿ. ಮಾತ್ರೆಯನ್ನು ಮರೆತು, ಒಲೆಯ ಹಿಂದೆ ನಿಂತು ಬೀಡಿಯನ್ನು ನೆನಪಿಸಿಕೊಳ್ಳುತ್ತಿದ್ದೆ. ಸಕ್ಕರೆ ಹಿಡಿತದಲ್ಲಿದ್ದರೆ ಹೃದಯವೂ ಕ್ಷೇಮವೆಂದು ನಾನು ತಿಳಿದದ್ದನ್ನು ತಾವು ಸೌಜನ್ಯಕ್ಕಾದರೂ ಒಮ್ಮೆ ತಿದ್ದಲಿಲ್ಲ.

ಕಳೆದ ತಿಂಗಳು ತರೀಕೆರೆಯ ಮದುವೆಯೊಂದರ ಬೆಳಿಗ್ಗೆಯೂ ತಾವು ಅದೇ ನೂರಾ ಹದಿನೆಂಟು ತೋರಿಸಿ ಹರಸಿದಿರಿ. ಸಾರಿನ ಪಾತ್ರೆ ಹೊತ್ತು ಮಹಡಿಯ ಊಟದ ಹಾಲ್‌ಗೆ ಹತ್ತುವಾಗ ನಾಲ್ಕನೇ ಮೆಟ್ಟಿಲಿಗೆ ಉಸಿರು ಸಿಕ್ಕಿಕೊಂಡಿತು, ಮೈಯೆಲ್ಲ ತಣ್ಣನೆ ಬೆವರಿತು, ದವಡೆ ಬಿಗಿದುಕೊಂಡಿತು. ಎದೆನೋವು ಮಾತ್ರ ಸಾಸಿವೆಕಾಳಿನಷ್ಟೂ ಇರಲಿಲ್ಲ. ಆದ್ದರಿಂದ ಇದು ಒಲೆಯ ಕಾವು, ಪಾಯಸ ಬಡಿಸಿದ ಮೇಲೆ ಕೂರುತ್ತೇನೆ ಎಂದೆ. ಈಳಿಗೆಮಣೆಯಿಂದ ಎದ್ದು ಬಂದ ಜಯಲಕ್ಷ್ಮಮ್ಮ ನನ್ನ ಮುಖ ನೋಡಿದವಳೇ, “ಮೂವತ್ತು ವರ್ಷದಿಂದ ನಿಮ್ ಒಲೆ ಬೆವರು ನೋಡಿದೀನಿ, ಇದು ಅದಲ್ಲ ಕಣ್ರೀ. ನಡೀರಿ ಆಸ್ಪತ್ರೆಗೆ” ಎಂದಳು. ಬಾಗಿಲಲ್ಲಿದ್ದದ್ದು ಮದುಮಕ್ಕಳಿಗೆಂದು ಹೂವಿನಿಂದ ಸಿಂಗರಿಸಿದ ಕಾರು ಒಂದೇ ಆದ್ದರಿಂದ ಅದರಲ್ಲೇ ನನ್ನ ಮೆರವಣಿಗೆ ಹೊರಟಿತು.

ಇ.ಸಿ.ಜಿ. ನೋಡಿದ ಡಾಕ್ಟರು ಇದು ಹೃದಯಾಘಾತವೆಂದೂ, ಸಕ್ಕರೆ ಕಾಯಿಲೆಯವರಿಗೆ ಕೆಲವು ಸಲ ಎದೆನೋವಿಲ್ಲದೆಯೇ ಅದು ಬಂದುಬಿಡುತ್ತದೆಂದೂ ಹೇಳಿ ಶಿವಮೊಗ್ಗಕ್ಕೆ ಕಳಿಸಿದರು. ಅಲ್ಲಿ ಮುಚ್ಚಿದ್ದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ಪಾಯಸ ಬಡಿಸಲು ನಿಂತಿದ್ದರೆ ನನ್ನ ತಿಥಿಯ ಅಡುಗೆಗೆ ಬೇರೆ ಕಂಟ್ರಾಕ್ಟರನ್ನು ಕರೆಸಬೇಕಾಗುತ್ತಿತ್ತು. ಅವರ ಸಾರನ್ನು ನೆನೆದ ಭಯಕ್ಕೇ ನಾನು ಬದುಕಿ ಬಂದೆನೆಂದು ನನ್ನ ನಂಬಿಕೆ.

ಆದ್ದರಿಂದ ತಮ್ಮಲ್ಲಿ ಸವಿನಯ ಅರಿಕೆ. ಇನ್ನು ಮುಂದೆ ಒಂದೇ ಹನಿ ರಕ್ತದಲ್ಲಿ ಬಿ.ಪಿ., ಕೊಲೆಸ್ಟ್ರಾಲ್ ಮತ್ತು ಜೇಬಿನಲ್ಲಿರುವ ಬೀಡಿಗಳನ್ನೂ ತೋರಿಸತಕ್ಕದ್ದು. ನಾನು ನಡೆಯಲು ಹೋಗದ ದಿನ ಇಡೀ ಬೀದಿಗೆ ಕೇಳುವಂತೆ ಕೂಗತಕ್ಕದ್ದು. ಅಷ್ಟೂ ಆಗದಿದ್ದರೆ ‘ಇದು ಸಕ್ಕರೆ ಮಾತ್ರ, ಬೆನಕಪ್ಪ’ ಎಂದಾದರೂ ಅಂಕಿಯ ಪಕ್ಕ ಬರೆಯತಕ್ಕದ್ದು. ಅಲ್ಲಿಯವರೆಗೆ ಈ ಎಲ್ಲ ಖಾತೆಗಳನ್ನು ಜಯಲಕ್ಷ್ಮಮ್ಮನೇ ಹೆಚ್ಚುವರಿಯಾಗಿ ವಹಿಸಿಕೊಂಡಿದ್ದಾಳೆ. ಬೀಡಿ ಬಿಟ್ಟಿದ್ದೇನೆ, ಹೇಳಿದ ಮಾತ್ರೆಗಳನ್ನೆಲ್ಲ ನುಂಗುತ್ತಿದ್ದೇನೆ, ದಿನಾ ಬೆಳಿಗ್ಗೆ ಸ್ಟೇಷನ್ ರಸ್ತೆಯಲ್ಲಿ ನನ್ನನ್ನು ನಡೆಸಲಾಗುತ್ತಿದೆ.

ಇನ್ನೂ ಉಸಿರಾಡುತ್ತಿರುವ ತಮ್ಮ ವಿಶ್ವಾಸಿ,
ಬೆನಕಪ್ಪ, ಅಜ್ಜಂಪುರ

ಮರೆತ ಮಾತು: ನಾಲ್ಕು ವರ್ಷ ನನ್ನ ಬೆರಳನ್ನೇ ತಮಗೆ ಒಪ್ಪಿಸಿದ ಜಯಲಕ್ಷ್ಮಮ್ಮ ನಿನ್ನೆ ನನ್ನ ಬಲವಂತಕ್ಕೆ ತನ್ನ ಬೆರಳು ಕೊಟ್ಟಳು. ತಾವು ಇನ್ನೂರಾ ನಲವತ್ತು ತೋರಿಸಿದಿರಿ. ಅವಳು ತಮ್ಮನ್ನು ಸೆರಗಿನಿಂದ ಒರೆಸಿ ಮತ್ತೆ ನೋಡಿ, “ಈ ಮಿಷನ್ ಕೆಟ್ಟೋಗಿದೆ ಕಣ್ರೀ” ಎಂದಳು. ತಾವು ಸುಳ್ಳು ಹೇಳುವವರಲ್ಲವೆಂದು ನಾನು ಮೊದಲ ಬಾರಿಗೆ ತಮ್ಮ ಪರ ವಾದಿಸಿದ್ದೇನೆ; ನಾಳೆ ಬೆಳಿಗ್ಗೆ ಡಾಕ್ಟರ ಬಳಿಗೆ ಅವಳ ಕೈ ಹಿಡಿದು ಹೊರಡುವವನು ನಾನು.